ಗುರುಶಾಂತಣ್ಣ ಊಟ ಬಿಟ್ಟ ಸೋಮವಾರ

ಕಡಲೇರಿದ ನೂರ ಹನ್ನೊಂದನೆಯ ವರ್ಷ, ಎರಡನೆಯ ಆಷಾಢದ ಮೂವತ್ತನಾಲ್ಕನೆಯ ದಿನ
ದುರ್ಗದ ಮೇಲ್ನೆಲೆ, ಕೆಂಗಲ್ಲು ಬೀದಿ

ಹೆಸರು ಗೊತ್ತಿಲ್ಲದ ಹಳೆಗಾಲದ ತಂಗಿಗೆ,

ತಿಪ್ಪಕ್ಕನ ನಮಸ್ಕಾರ. ಮೇಲಿನ ತಾರೀಖು ನೋಡಿ ಇವಳಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಮಳೆಗಾಲ ಎರಡಾದ್ದರಿಂದ ಆಷಾಢವೂ ಎರಡು, ಮಳೆ ನಿಲ್ಲುವ ತನಕ ತಿಂಗಳು ಮುಗಿಯುವುದಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮೆ ಇರಲಿ. ಅರ್ಥವಾಗದ ಕಡೆ ನಾನೇ ಬಿಡಿಸಿ ಹೇಳುತ್ತೇನೆ.

ನಮ್ಮೂರಿನಲ್ಲಿ ಪ್ರಶ್ನೆಗಳ ಕಣಜ ಎಂಬುದೊಂದಿದೆ. ನಿಮ್ಮ ಕಾಲದವರು ಯಂತ್ರಗಳ ಮುಂದೆ ಕೂತು ಕೇಳಿದ ಪ್ರಶ್ನೆಗಳನ್ನೆಲ್ಲ ಅಲ್ಲಿ ಕೂಡಿಟ್ಟಿದ್ದಾರೆ. ಬೇಜಾರಾದಾಗ ಹೋಗಿ ಓದುತ್ತೇವೆ. ಅಲ್ಲಿ ನಿಮ್ಮದು ಸಿಕ್ಕಿತು. ವಿಚ್ಛೇದನ ಆಗಿದೆ, ನನ್ನ ಹಳೆಯ ಗಂಡನ ವಲಸೆ ಅರ್ಜಿ ಏನಾಯಿತೆಂದು ತಿಳಿಯುವುದು ಹೇಗೆ ಎಂದು ಕೇಳಿದ್ದಿರಿ. ಕೆಳಗೆ ಉತ್ತರ ಇರಲಿಲ್ಲ. ಹೊಟ್ಟೆಯುರಿಯಿಂದ ಕೇಳಿದಿರೋ, ಹೆದರಿ ಕೇಳಿದಿರೋ, ನಿಮ್ಮ ಮೇಲೂ ನನಗೆ ಅನುಮಾನವೇ. ನನ್ನ ಸ್ವಭಾವ ಅದು. ಆದರೂ ಅದೇ ಪ್ರಶ್ನೆ ಹಿಡಿದುಕೊಂಡು ನಾನೂ ಅಲೆದವಳಾದ್ದರಿಂದ ಬರೆಯುತ್ತಿದ್ದೇನೆ. ಈ ಕಾಗದವನ್ನು ನಿಮ್ಮ ಪ್ರಶ್ನೆಯ ಕೆಳಗೇ ಇಟ್ಟು ಬರುತ್ತೇನೆ, ತಲುಪಿದರೆ ತಲುಪಲಿ.

ಮೊದಲು ನಮ್ಮ ಲೋಕದ ಸಂಗತಿ. ಕಡಲು ಏರಿದ ಮೇಲೆ ಕರಾವಳಿಯ ಜನ ತೇಲೂರುಗಳಲ್ಲಿ ಬದುಕುತ್ತಿದ್ದಾರೆ. ತೇಲೂರೆಂದರೆ ಪೀಪಾಯಿಗಳ ಮೇಲೆ ಹಲಗೆ ಹಾಸಿ ಕಟ್ಟಿದ ಊರು. ಅಲ್ಲಿ ಸಿಹಿನೀರಿಲ್ಲ, ಮಕ್ಕಳಿಗೆ ಉಪ್ಪುಗೆಮ್ಮು ತಪ್ಪುವುದಿಲ್ಲ. ಘಟ್ಟದ ಮೇಲೆ ಬಂದು ಇರಬೇಕಾದರೆ ನೆಲೆ ಸಿಗಬೇಕು, ಮೇಲಿನವರನ್ನು ಮದುವೆಯಾದರೆ ನೆಲೆ ಸಿಗುತ್ತದೆ. ಹಾಗಾಗಿ ತೇಲೂರಿನವರು ಮದುವೆಯಾದರೆ ಸಾಕು, ಬೀದಿಯೆಲ್ಲ ಗುಸುಗುಸು. ಬಾಗಿಲು ತೆರೆಸುವುದಕ್ಕೆಂದೇ ಆದ ಮದುವೆಗೆ ನಮ್ಮಲ್ಲಿ ಬಾಗಿಲ ಮದುವೆ ಎಂದೇ ಹೆಸರು. ನಿಜದ ಮದುವೆ ಯಾವುದು, ಬಾಗಿಲ ಮದುವೆ ಯಾವುದು ಎಂದು ಗುರುತಿಸುವುದು ಹೇಗೆ? ನಿಮ್ಮ ಕಾಲದಲ್ಲಿ ಫೋಟೊ, ಕಾಗದ, ಸಹಿ ಎಂದೆಲ್ಲ ನೋಡುತ್ತಿದ್ದರಂತೆ. ಈಗ ಅವನ್ನೆಲ್ಲ ಯಂತ್ರಗಳು ಕಣ್ಣುಮುಚ್ಚಿ ತೆರೆಯುವುದರೊಳಗೆ ಹುಟ್ಟಿಸುತ್ತವೆ, ಸತ್ತವರ ದನಿಯನ್ನೂ ಬಿಟ್ಟಿಲ್ಲ. ಅದಕ್ಕೇ ನೆಲೆ ಕಚೇರಿಯವರು ನಾಲಿಗೆಯೊಂದನ್ನೇ ನಂಬುತ್ತಾರೆ.

ಕಚೇರಿಯಲ್ಲಿ ನಾಲಿಗೆದಾರರು ಎಂಬವರಿದ್ದಾರೆ. ಕೊರಳಲ್ಲಿ ಹಿತ್ತಾಳೆ ಚಮಚ ತೂಗುಹಾಕಿಕೊಂಡು, ಹೇಳದೆ ಕೇಳದೆ ಊಟದ ಹೊತ್ತಿಗೆ ಬರುತ್ತಾರೆ. ಆ ಹೊತ್ತು ಒಲೆಯ ಮೇಲೆ ಯಾವ ಸಾರಿದೆಯೋ ಅದನ್ನೇ ಬಡಿಸಬೇಕು. ಹೆಂಡತಿಯ ಕೈಯ ಸಾರು ಒಂದು ದಿನ, ಗಂಡನ ಕೈಯದು ಇನ್ನೊಂದು ದಿನ. ಎರಡರ ರುಚಿ ಒಂದಾದರೆ ಅದು ಒಂದೇ ಮನೆ. ಇಂಥ ದಿನ ಬರುತ್ತಾರೆ, ಇಂಥ ಸಾರು ಮಾಡು ಎಂದು ಒಬ್ಬರಿಗೊಬ್ಬರು ಹೇಳಿಕೊಟ್ಟರೆ ಅರ್ಜಿ ಅಲ್ಲಿಗೇ ರದ್ದು. ನಾಲಿಗೆದಾರರಿಗೂ ಒಂದು ಕಟ್ಟಳೆಯುಂಟು. ಯಾರ ಅರ್ಜಿ ತಮ್ಮ ಕೈಯಲ್ಲಿದೆಯೋ ಅವರ ಮನೆಯಲ್ಲಿ ಪರೀಕ್ಷೆಗಲ್ಲದೆ ಒಂದು ತುತ್ತೂ ತಿನ್ನಬಾರದು.

ನನ್ನ ಗಂಡ ಐತಪ್ಪ ತೇಲೂರಿನವನು. ಒಳ್ಳೆಯ ಬಡಗಿ, ಮಾತು ಕಡಿಮೆ. ಅವನು ಮೇಲೆ ಬಂದಾಗ ತಂದದ್ದು ಒಂದು ಉಳಿ, ಒಂದು ಗರಗಸ, ಅವನ ತಾಯಿ ಕೊಟ್ಟ ಒಂದು ಚೀಲ ಒಣ ಪುನರ್ಪುಳಿ ಸಿಪ್ಪೆ, ಕರಾವಳಿಯವರು ಹುಳಿಗೆಂದು ಹಾಕುವ ಹಣ್ಣಿನದು. ನಮ್ಮ ಕಡೆಯ ಹುರುಳಿಕಟ್ಟಿನ ಸಾರಿಗೆ ಹುಣಿಸೆ ಹಾಕಿದರೆ ಆಯಿತು. ಅವನು ಇಳಿಸುವ ಮುಂಚೆ ಎರಡು ಪುನರ್ಪುಳಿ ಸಿಪ್ಪೆಯನ್ನೂ ಹಾಕುತ್ತಿದ್ದ. ಕ್ರಮೇಣ ನನ್ನ ಕೈಗೂ ಅದೇ ರೂಢಿಯಾಯಿತು. ನಮ್ಮ ಅರ್ಜಿಯ ಸರದಿ ಬರುವಷ್ಟರಲ್ಲಿ ಮಗಳು ದೇಯಿ ಹುಟ್ಟಿದಳು, ಶಾಲೆಗೆ ಸೇರಿದಳು, ನಾವಿಬ್ಬರೂ ಬೇರೆಯೂ ಆಗಿಬಿಟ್ಟೆವು. ಯಾಕೆ ಬೇರೆಯಾದಿರಿ ಅಂದರೆ, ನೀನು ನನ್ನನ್ನು ಕಟ್ಟಿಕೊಂಡದ್ದು ನೆಲೆಗಾಗಿಯೇ ಎಂದು ನಾನು ಕೇಳುತ್ತಲೇ ಇದ್ದೆ, ಅವನು ಉತ್ತರ ಕೊಡುವುದನ್ನೇ ನಿಲ್ಲಿಸಿದ. ಉತ್ತರ ಕೊಡದವನನ್ನು ಹೇಗೆ ನಂಬುವುದು, ನೀವೇ ಹೇಳಿ. ವಿಚ್ಛೇದನವಾದ ಮೇಲೆ ಅವನು ಘಟ್ಟದ ಬಾಯಿಗೆ ಇಳಿದ. ನೆಲೆ ಇತ್ಯರ್ಥವಾಗದವರು ಕಾಯುತ್ತ ಕೂರುವ ಕೇರಿ ಅದು. ಅರ್ಜಿಯೂ ಅಲ್ಲಿಗೆ ಸತ್ತಿತು ಅಂದುಕೊಂಡಿದ್ದೆ.

ಪಕ್ಕದ ಮನೆಯ ಗುರುಶಾಂತಣ್ಣ ಹಿರಿಯ ನಾಲಿಗೆದಾರ. ಹೆಂಡತಿ ತೀರಿಕೊಂಡ ಮೇಲೆ ಸೋಮವಾರದ ಊಟ ನಮ್ಮಲ್ಲೇ ಮಾಡುತ್ತಿದ್ದ. ಒಂದು ಸೋಮವಾರ ಬಂದವನು ಹೊಸ್ತಿಲಲ್ಲೇ ನಿಂತ. ಹೊಟ್ಟೆ ಸರಿಯಿಲ್ಲ ಅಂದ. ಹಾಗಾದರೆ ಮಜ್ಜಿಗೆಯಾದರೂ ಕುಡಿ ಅಂದೆ. ಬೇಡ ಅಂದ. ನೀರು? ಅದೂ ಬೇಡ. ಹೊಟ್ಟೆ ಕೆಟ್ಟವನು ಮಜ್ಜಿಗೆ ಯಾಕೆ ಬಿಡುತ್ತಾನೆ? ಐತಪ್ಪನ ಅರ್ಜಿಗೆ ಜೀವ ಬಂದಿದೆ, ಅದು ಇವನ ಕೈಯಲ್ಲಿದೆ!

ಮರುದಿನವೇ ಕಚೇರಿಗೆ ಹೋದೆ. ಕಿಟಕಿಯಲ್ಲಿ ಕೂತಿದ್ದ ಹೆಂಗಸು ನಯವಾಗಿಯೇ ಮಾತಾಡಿದಳು. ವಿಚ್ಛೇದನ ಆಗಿದೆಯೇ ಎಂದು ಕೇಳಿದಳು. ಆಗಿದೆ ಅಂದೆ.

“ಹಾಗಾದರೆ ಈ ಅರ್ಜಿಯ ವಿಷಯದಲ್ಲಿ ನೀವು ಅನ್ಯರು. ಅನ್ಯರಿಗೆ ಹೇಳುವಂತಿಲ್ಲ.”

ಅಷ್ಟು ವರ್ಷ ಅವನ ಬಟ್ಟೆ ಒಗೆದವಳು, ಅವನ ಜ್ವರಕ್ಕೆ ಹಣೆಗೆ ಬಟ್ಟೆ ಹಾಕಿದವಳು, ಈಗ ಅನ್ಯಳು. ಮನೆಗೆ ಬಂದರೆ, ಅಪ್ಪನನ್ನು ನೋಡಿಕೊಂಡು ತೂಗುತೊಟ್ಟಿಲಿನಲ್ಲಿ ಆಗಷ್ಟೇ ಮೇಲೆ ಬಂದಿದ್ದಳು ದೇಯಿ. ಘಟ್ಟಕ್ಕೆ ಹಗ್ಗ ಕಟ್ಟಿ, ಜನರನ್ನೂ ಸಾಮಾನನ್ನೂ ಬುಟ್ಟಿಯಲ್ಲಿ ಏರಿಸಿ ಇಳಿಸುವ ಏರ್ಪಾಟಿಗೆ ನಾವು ಹಾಗನ್ನುತ್ತೇವೆ. ಅಪ್ಪ ಏನು ಮಾಡುತ್ತಿದ್ದ ಅಂದೆ. ದಿನಾ ಹುರುಳಿ ಸಾರು ಮಾಡಿ ಕೇರಿಗೆಲ್ಲ ಬಡಿಸುತ್ತಾನಮ್ಮ ಅಂದಳು. ಕೇರಿಯಲ್ಲಿ ಹೆಂಗಸರು ಯಾರಿದ್ದಾರೆ ಅಂದೆ. ಬಹಳ ಜನ ಇದ್ದಾರೆ ಅಂದಳು. ಸರಿ, ನನಗೆ ಎಲ್ಲ ಗೊತ್ತಾಗಿಹೋಯಿತು. ಇನ್ನೊಬ್ಬಳನ್ನು ಕಟ್ಟಿಕೊಳ್ಳುತ್ತಾನೆ, ಪರೀಕ್ಷೆಗೆಂದು ನನ್ನ ಮನೆಯ ಸಾರನ್ನು ಅವಳಿಗೆ ಕಲಿಸುತ್ತಿದ್ದಾನೆ! ದೇಯಿ ಮಲಗಿದ ಮೇಲೆ ಅಡಿಗೆಮನೆಗೆ ಹೋಗಿ ಪುನರ್ಪುಳಿ ಚೀಲವನ್ನು ಎತ್ತಿ ತಿಪ್ಪೆಗೆ ಸುರಿದೆ. ಆಮೇಲೆ ಹುರುಳಿ ಸಾರಿಗೆ ಬರೀ ಹುಣಿಸೆಯನ್ನೇ ಹಾಕತೊಡಗಿದೆ, ನಮ್ಮವ್ವ ಹಾಕುತ್ತಿದ್ದಂತೆ.

ಅದೇ ವಾರ ಗುರುಶಾಂತಣ್ಣ ಬಂದ, ಕೊರಳಲ್ಲಿ ಚಮಚ. ಅವನು ಬಂದದ್ದು ಹೊಸ ಹೆಂಡತಿಯ ಮನೆಗಲ್ಲ, ನನ್ನ ಮನೆಗೆ. ವಿಚಾರಣೆ ಇದ್ದದ್ದು ನಮ್ಮ ಹಳೆಯ ಮದುವೆಯದೇ, ಸರದಿ ಈಗ ಬಂದಿತ್ತು ಅಷ್ಟೆ. ಒಲೆಯ ಮೇಲೆ ಬರೀ ಹುಣಿಸೆಯ ಸಾರು ಕುದಿಯುತ್ತಿತ್ತು. ಅವನು ಕೂತು, ಚಮಚ ಅದ್ದಿ, ಬಾಯಿಗಿಟ್ಟು, ಮುಖದಲ್ಲಿ ಏನೂ ತೋರಿಸದೆ ಎದ್ದು ಹೋದ. ಪರೀಕ್ಷೆ ಶುರುವಾದ ಮೇಲೆ ದೇಯಿ ಕೆಳಗೆ ಹೋಗುವಂತಿರಲಿಲ್ಲ, ನಾನು ಹೇಳಿ ಕಳಿಸುವಂತಿರಲಿಲ್ಲ.

ನಿಮಗೆ ಇದರ ಗಾಂಭೀರ್ಯ ತಿಳಿಯಬೇಕು, ತಂಗಿ. ಎರಡು ಸಾರಿನ ರುಚಿ ಬೇರೆಯಾದರೆ ನಮ್ಮದು ಬಾಗಿಲ ಮದುವೆ. ಬಾಗಿಲ ಮದುವೆಯ ಮಗುವಿಗೆ ಮೇಲೆ ನೆಲೆ ಇಲ್ಲ, ಅಪ್ಪನ ಜೊತೆ ತೇಲೂರಿಗೆ ಇಳಿಯಬೇಕು. ನಿಜದ ಮದುವೆಯೆಂದಾದರೆ ಮಗುವಿಗೆ ನೆಲೆ ಉಂಟು, ಬೇರೆಯಾದ ಅಪ್ಪನಿಗೆ ಮಾತ್ರ ಇಲ್ಲ. ಐತಪ್ಪ ಏನೂ ಮಾಡಬೇಕಿರಲಿಲ್ಲ. ಎಂದಿನಂತೆ ಎರಡು ಸಿಪ್ಪೆ ಹಾಕಿದರೆ ಸಾಕು, ಮಗಳು ಅವನವಳು. ಅವನಿಗೆ ಮಗಳೆಂದರೆ ಪ್ರಾಣ. ಇದಕ್ಕೇ ಕಾದಿದ್ದ ಅಂದುಕೊಂಡೆ. ದೇಯಿಗೆ ಎಣ್ಣೆ ಹಚ್ಚಿ ತಲೆ ಬಾಚುವಾಗ ಅಳು ತಡೆಯಲಾಗಲಿಲ್ಲ. ಯಾಕಮ್ಮ ಅಂದಳು. ಈರುಳ್ಳಿ ಹೆಚ್ಚಿದೆ ಅಂದೆ. ಅವತ್ತು ಮನೆಯಲ್ಲಿ ಈರುಳ್ಳಿಯೇ ಇರಲಿಲ್ಲ.

ಆಮೇಲೊಂದು ಸೋಮವಾರ ಗುರುಶಾಂತಣ್ಣ ಚಮಚವಿಲ್ಲದೆ ಬಂದ. ಮಣೆ ಎಳೆದುಕೊಂಡು ಕೂತ.

“ಹಸಿವಾಗೈತೆ ಕಣವ್ವ, ಬಡಿಸು.”

ಅರ್ಜಿ ಮುಗಿದಿತ್ತು. ಮಗಳನ್ನು ಕಿತ್ತುಕೊಂಡವನು ಅದೇ ಮನೆಯಲ್ಲಿ ಊಟಕ್ಕೆ ಕೂರುವಷ್ಟು ಕಲ್ಲು ಮನುಷ್ಯನಲ್ಲ ಗುರುಶಾಂತಣ್ಣ. ಬಡಿಸುವಾಗ ಸಾರೆಲ್ಲ ತಟ್ಟೆಯಾಚೆ ಚೆಲ್ಲಿದೆ. ಮುಗಿದ ಅರ್ಜಿಯಲ್ಲಿ ರುಚಿಯ ಬಗ್ಗೆ ಮಾತಾಡಬಹುದು, ಮನುಷ್ಯರ ಬಗ್ಗೆ ಆಡುವಂತಿಲ್ಲ. ಅವನು ರುಚಿಯ ಬಗ್ಗೆ ಒಂದೇ ಮಾತಾಡಿದ.

“ಎರಡು ಮಡಕೆ, ಒಂದೇ ಸಾರು. ಎರಡ್ರಾಗೂ ಪುನರ್ಪುಳಿ ಇರಲಿಲ್ಲ ನೋಡವ್ವ.”

ಹತ್ತು ವರ್ಷ ಪುನರ್ಪುಳಿ ಹಾಕದೆ ಸಾರು ಇಳಿಸದವನು ಅವತ್ತು ಯಾಕೆ ಹಾಕಲಿಲ್ಲ? ನಾನು ಚೀಲ ಎಸೆದದ್ದು ದೇಯಿಗೂ ಗೊತ್ತಿರಲಿಲ್ಲ. ನನಗೆ ಸಿಟ್ಟು ಬಂದರೆ ಮೊದಲು ಯಾವುದನ್ನು ತಿಪ್ಪೆಗೆ ಹಾಕುತ್ತೇನೆ ಎಂದು ಅವನಿಗೆ ಗೊತ್ತಿತ್ತೇ? ಹಾಗೆಂದು ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಸಿಪ್ಪೆ ಮುಗಿದುಹೋಗಿತ್ತೇನೋ ಅಂದುಕೊಂಡೆ. ಕಡಲ ಕಡೆಯಿಂದ ಸಾಮಾನು ಬರುವುದೂ ಅಪರೂಪ. ಮುಗಿದೇ ಇರಬೇಕು.

ಆದರೆ ಅವನನ್ನು ಘಟ್ಟದ ಬಾಯಿಯಲ್ಲೇ ಬಿಟ್ಟರೋ, ಕಡಲಿಗೆ ಇಳಿಸಿದರೋ? ಮತ್ತೆ ಕಚೇರಿಗೆ ಹೋದೆ. ಮತ್ತೆ ಅನ್ಯಳಾಗಿ ಬಂದೆ. ಕೊನೆಗೆ ಮುಚ್ಚಳದ ಪಾತ್ರೆಯಲ್ಲಿ ಸಾರು ತುಂಬಿ, ಅವನ ಹೆಸರು ಹೇಳಿ, ತೂಗುತೊಟ್ಟಿಲಿಗೆ ಇಟ್ಟೆ. ಕೆಳಗೆ ಆ ಹೆಸರಿನವರು ಇಲ್ಲದಿದ್ದರೆ ಪಾತ್ರೆ ತುಂಬಿದ್ದು ತುಂಬಿದಂತೆ ವಾಪಸು ಬರುತ್ತದೆ. ಇದೇ ನಿಮ್ಮ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರ, ತಂಗಿ. ಕಚೇರಿ ಹೇಳುವುದಿಲ್ಲ. ಪಾತ್ರೆ ಹೇಳುತ್ತದೆ.

ನಿನ್ನೆ ಸಂಜೆ ಪಾತ್ರೆ ಬಂತು. ಎತ್ತಿದರೆ ಹಗುರ. ತೊಳೆದಿದ್ದ. ಅಕ್ಕಪಕ್ಕದವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು, ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿಕೊಡಬೇಕು ಎಂಬ ಪದ್ಧತಿ ನಿಮ್ಮಲ್ಲೂ ಇತ್ತಲ್ಲ, ನಮ್ಮಲ್ಲಿ ಇನ್ನೂ ಇದೆ. ಮುಚ್ಚಳ ತೆಗೆದರೆ ತಳದಲ್ಲಿ ಒಂದು ಹಿಡಿ ಪುನರ್ಪುಳಿ ಸಿಪ್ಪೆ. ಏನು ಕುತಂತ್ರವೋ ಎಂದು ಮೂಸಿದೆ, ದೀಪಕ್ಕೆ ಹಿಡಿದು ನೋಡಿದೆ, ಮುರಿದು ನೋಡಿದೆ. ಹೊಸದಲ್ಲ. ಹೋದ ಬೇಸಿಗೆಯಲ್ಲಿ ಒಣಗಿಸಿದ್ದು, ಕಪ್ಪಾಗಿ ಗಟ್ಟಿಯಾಗಿತ್ತು. ಪರೀಕ್ಷೆಯ ದಿನ ಅವನ ಮನೆಯಲ್ಲಿ ಇದು ಇತ್ತು.

ಇವತ್ತು ಮತ್ತೆ ಹುರುಳಿ ಬೇಯಿಸಿದ್ದೇನೆ. ಕಟ್ಟು ಬಸಿದಾಗಿದೆ, ಒಗ್ಗರಣೆ ಹಾಕಿಯಾಗಿದೆ, ಇಳಿಸುವುದೊಂದು ಬಾಕಿ. ಸಿಪ್ಪೆ ಪಕ್ಕದಲ್ಲೇ ಇದೆ. ಹಾಕಿದೆಯೋ ಬಿಟ್ಟೆಯೋ ಎಂದು ಕೇಳಬೇಡಿ, ತಂಗಿ. ಅದು ನನ್ನ ಮನೆಯ ವಿಷಯ, ಅದರಲ್ಲಿ ನೀವು ಅನ್ಯರು.

ಇಂತಿ,
ತಿಪ್ಪಕ್ಕ