ಆರನೇ ಕೋಣೆಯ ಬೀಗ

ಮಾರ್ಚ್ 3, ಬೆಳಗ್ಗೆ 6.40

ಮತ್ತೆ ಅಳತೆ. ನಿನ್ನೆ ಗೋಡೆಗೆ ಹಾಕಿದ್ದ ಪೆನ್ಸಿಲ್ ಗುರುತುಗಳನ್ನೆಲ್ಲ ಮಗಳು ಅಳಿಸಿದ್ದಾಳೆ. ಕ್ಯಾಮೆರಾ ಅಷ್ಟು ಎತ್ತರದಲ್ಲಿದ್ದರೆ ನಾಯಿಯ ಬೆನ್ನು ಮಾತ್ರ ಕಾಣುತ್ತದಂತೆ. ನಾಯಿಯನ್ನು ನಮ್ಮಲ್ಲಿ ಬಿಟ್ಟು ಪರವೂರಿಗೆ ಹೋದ ಯಜಮಾನರು ಫೋನಿನಲ್ಲಿ ನೋಡಬೇಕಾದದ್ದು ಮುಖವಂತೆ. ಒಪ್ಪಿದೆ. ಎರಡಡಿ ಕೆಳಗೆ.

ಹತ್ತು ಕೋಣೆ ನಾಯಿಗಳಿಗೆ, ಒಂದು ಬೆಕ್ಕುಗಳಿಗೆ. ಮೊದಲು ಪ್ರಿಂಟಿಂಗ್ ಪ್ರೆಸ್ ಆಗಿದ್ದ ಶೆಡ್ಡು, ಎಷ್ಟು ತೊಳೆದರೂ ಮಸಿಯ ವಾಸನೆ ಹೋಗಿಲ್ಲ. ವೈಫೈ ಪೆಟ್ಟಿಗೆ ನಡುವಿನ ಕಂಬಕ್ಕೆ. ಕೋಣೆಗೊಂದು ಸೆಕೆ ಅಳೆಯುವ ಸೆನ್ಸರ್. ಬುಕಿಂಗು, ಲಸಿಕೆ ಚೀಟಿ, ಊಟದ ಹೊತ್ತು — ಎಲ್ಲ ಟ್ಯಾಬ್ಲೆಟ್‌ನಲ್ಲಿ. ಏಪ್ರಿಲ್ ಒಂದಕ್ಕೆ ಶುರು. ನನ್ನಂಥ ರಿಟೈರಾದ ಲಿಫ್ಟ್ ಮೆಕ್ಯಾನಿಕ್ಕಿಗೆ ಇದಕ್ಕಿಂತ ಒಳ್ಳೆಯ ಆಟಿಕೆ ಬೇಕೆ.

ಮಗಳು ಆಸ್ಪತ್ರೆಯ ರಿಸೆಪ್ಷನ್ ಕೆಲಸ ಬಿಟ್ಟು ಬಂದದ್ದು ಒಂದೇ ಷರತ್ತಿನ ಮೇಲೆ. "ಅಪ್ಪ, ವೈರು ನಿಂದು, ಸಾಫ್ಟ್‌ವೇರ್ ನಂದು. ನನ್ನ ಕೆಲಸದಲ್ಲಿ ಮೂಗು ತೂರಿಸಬಾರದು." ಹೂಂ ಅಂದೆ. ಪ್ರಾಣಿಗಳ ಕ್ಲಿನಿಕ್‌ನಲ್ಲಿ ಇಪ್ಪತ್ತು ವರ್ಷ ನಾಯಿ ಹಿಡಿದು ನಿಂತ ನನ್ನ ಹೆಂಡತಿ ಪಕ್ಕದಲ್ಲಿ ನಕ್ಕಳು. ಯಾಕೆ ನಕ್ಕಳೋ.

ಮಾರ್ಚ್ 9

ಬೀಗದ ಜಗಳ. ಬೀಗ ವೈರೋ ಸಾಫ್ಟ್‌ವೇರೋ? ಷರತ್ತಿನಲ್ಲಿ ಬರೆದಿರಲಿಲ್ಲ.

ನಾಯಿಗಳ ಹತ್ತೂ ಕೋಣೆಗೆ ಕರೆಂಟ್ ಬೀಗ. ಹೊರಗಿನಿಂದ ಕಾರ್ಡು, ತುರ್ತಿಗೊಂದು ಕೀಲಿ; ಒಳಗಿನಿಂದ ಗುಂಡಿ. ಹಿಡಿಕೆ ಇಲ್ಲ, ಬುದ್ಧಿವಂತ ನಾಯಿಗಳು ಹಿಡಿಕೆ ಎಳೆಯುವುದನ್ನು ಒಂದೇ ದಿನದಲ್ಲಿ ಕಲಿಯುತ್ತವೆ. ಪ್ರಶ್ನೆ ಒಂದೇ — ಕರೆಂಟ್ ಹೋದರೆ ಬೀಗ ತೆರೆದುಕೊಳ್ಳಬೇಕೋ, ಹಾಕಿಯೇ ಇರಬೇಕೋ?

"ಹಾಕಿಯೇ ಇರಬೇಕು. ಅದರಲ್ಲಿ ಕೇಳೋದೇನು?" ಅಂದೆ.

"ಬೆಂಕಿ ಬಿದ್ರೆ? ಕೀಲಿ ಹಿಡ್ಕೊಂಡು ಹತ್ತು ಬಾಗಿಲಿಗೆ ಓಡೋರು ಯಾರು? ನೀನಾ? ಆ ಮಂಡಿ ಇಟ್ಕೊಂಡಾ?"

"ತೆರ್ಕೊಂಡ್ರೆ ಹತ್ತು ನಾಯಿ ರೋಡಲ್ಲಿ. ಬಸ್ಸು ಓಡಾಡೋ ರೋಡು."

"ಗೇಟಿಗೆ ಅಗುಳಿ ಇದೆ ಅಪ್ಪ. ಹಾಲ್‌ನಲ್ಲಿ ಓಡಾಡ್ಕೊಂಡಿರ್ತವೆ ಅಷ್ಟೆ. ಒಂದಕ್ಕೊಂದು ಬೈಕೊಳ್ತವೆ. ಬೈಕೊಳ್ಲಿ."

ನನಗೆ ಒಪ್ಪಿಗೆಯಿಲ್ಲ. ಲಿಫ್ಟ್‌ನಲ್ಲಿ ಕರೆಂಟ್ ಹೋದ ಕ್ಷಣ ಬ್ರೇಕು ಕಚ್ಚಿಕೊಳ್ಳಬೇಕು. ಬಿಟ್ಟರೆ ಬಿತ್ತು. ಮೂವತ್ತೊಂದು ವರ್ಷ ಇದೊಂದನ್ನೇ ನಂಬಿ ಅನ್ನ ತಿಂದಿದ್ದೇನೆ. ನಿನ್ನೆ ಮೊನ್ನೆ ಸ್ಕ್ರೂಡ್ರೈವರ್ ಹಿಡಿದವಳು ನನಗೆ ಹೇಳಿಕೊಡುತ್ತಾಳೆ.

ಮಾರ್ಚ್ 10

ಬೆಳಗ್ಗೆಯಿಂದ ಮಗಳು ಮುಖ ಊದಿಸಿಕೊಂಡಿದ್ದಳು. ಹೆಂಡತಿ ಕಣ್ಣಲ್ಲೇ ತಿವಿದಳು. "ಸರಿ, ನೀನು ಹೇಳಿದ ಹಾಗೇ" ಅಂದೆ. ಮಗಳು ಖುಷಿಯಿಂದ ಬೆನ್ನಿಗೊಂದು ಗುದ್ದಿದಳು.

ಮಾರ್ಚ್ 12, ಸಂಜೆ

ಬೀಗ ಕೂರಿಸಿ ಮುಗಿಯಿತು. ಅಮ್ಮ ಮಗಳು ಬಟ್ಟಲು, ಹಾಸಿಗೆ ತರಲು ಹೋಗಿದ್ದರು. ಪ್ರತಿ ಬೀಗದ ಮುಚ್ಚಳದೊಳಗೆ ಒಂದೇ ಒಂದು ಸ್ಕ್ರೂ. ಎಡಕ್ಕೆ ತಿರುಗಿಸಿದರೆ ಕರೆಂಟ್ ಹೋದಾಗ ತೆರೆಯುತ್ತದೆ. ಬಲಕ್ಕೆ ತಿರುಗಿಸಿದರೆ ಹಾಕಿಯೇ ಇರುತ್ತದೆ.

ಹತ್ತನ್ನೂ ಬಲಕ್ಕೆ ತಿರುಗಿಸಿದೆ.

ದೊಡ್ಡ ಬ್ಯಾಟರಿ ಇಟ್ಟಿದ್ದೇನೆ. ಬೀದಿಯಲ್ಲಿ ಕರೆಂಟ್ ಹೋದರೂ ಬೀಗಕ್ಕೆ ಹೋಗುವುದಿಲ್ಲ. ಹಾಗಿದ್ದ ಮೇಲೆ ಎಡವೇನು, ಬಲವೇನು. ಇದನ್ನು ಸುಳ್ಳು ಅನ್ನಲಾಗದು... ಸುಳ್ಳೇ. ಇಲ್ಲಿಯಾದರೂ ಒಪ್ಪಿಕೊಳ್ಳೋಣ, ಓದುವವರು ಯಾರಿದ್ದಾರೆ.

ಮಾರ್ಚ್ 20

ಟ್ರಯಲ್‌ಗೆ ಮೊದಲ ಅತಿಥಿ. ಹಲ್ಲಿನ ಡಾಕ್ಟರಮ್ಮನ ಮುದಿ ನಾಯಿ. ನಡಿಗೆಯ ಗತ್ತು ನೋಡಿ ಹೆಂಡತಿ ದಿವಾನರು ಎಂದು ಹೆಸರಿಟ್ಟಳು. ಆರನೇ ಕೋಣೆಯನ್ನು ಮೂಸಿ ನೋಡಿ, ಪರವಾಗಿಲ್ಲ ಎನ್ನುವಂತೆ ಕುಳಿತರು. ಫೋನಿನಲ್ಲಿ ಆ ಮುಖ ಕಂಡು ಡಾಕ್ಟರಮ್ಮ ಮೂರು ಸಲ ಥ್ಯಾಂಕ್ಸ್ ಹೇಳಿದರು. ಕ್ಯಾಮೆರಾ ಎರಡಡಿ ಇಳಿಸಿದ್ದು ಮಗಳ ಬುದ್ಧಿ. ಒಪ್ಪಲೇಬೇಕು.

ಮಧ್ಯಾಹ್ನ ಫೈರ್ ಆಫೀಸಿನ ಅರ್ಜಿ ತುಂಬಿಸಿದಳು. 'ವಿದ್ಯುತ್ ಕಡಿತವಾದಲ್ಲಿ ಎಲ್ಲ ಬಾಗಿಲುಗಳು ತಾವಾಗಿಯೇ ತೆರೆದುಕೊಳ್ಳುತ್ತವೆ.' ಕೆಳಗೆ ಜವಾಬ್ದಾರರು ಎಂಬಲ್ಲಿ ಅವಳ ಹೆಸರು, ಅವಳ ಸಹಿ.

"ಟೆಸ್ಟ್ ಮಾಡಿದ್ಯಾ ಅಪ್ಪ?"

"ಹೂಂ."

ಒಂದೇ ಅಕ್ಷರ.

ಮಾರ್ಚ್ 21

ಇವತ್ತು ತಿರುಗಿಸಿಬಿಡೋಣ ಅಂದುಕೊಂಡೆ. ದಿನವಿಡೀ ಅವಳು ಅಲ್ಲೇ ಇದ್ದಳು. ನಾಳೆ.

ಮಾರ್ಚ್ 26, ಮಧ್ಯಾಹ್ನ 3

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ವೈರ್ ಕ್ಲಿಪ್ ತರಲು ಅಂಗಡಿಗೆ ಹೋಗಿದ್ದೆ. ಹೆಂಡತಿ ಮನೆಯಲ್ಲಿ. ಮಗಳು ದಿವಾನರ ಕಿವಿಗೆ ಔಷಧಿ ಹಾಕಲು ಆರನೇ ಕೋಣೆಗೆ ಹೋಗಿದ್ದಾಳೆ. ಬಾಗಿಲು ತಾನಾಗಿ ಮುಚ್ಚಿಕೊಂಡಿದೆ. ಫೋನು ಹೊರಗೆ ಮೇಜಿನ ಮೇಲೆ. ಅದೇ ಹೊತ್ತಿಗೆ ಬ್ಯಾಟರಿ ಕಾದು, ಒಳಗೇ ಸುಟ್ಟು, ಮೇನ್ ಟ್ರಿಪ್ ಆಗಿ... ನನ್ನ ದೊಡ್ಡ ಬ್ಯಾಟರಿ. ಎಲ್ಲ ಸತ್ತುಹೋಗಿದೆ. ಒಳಗಿನ ಗುಂಡಿಯೂ.

ನಾನು ಬರುವಾಗ ಹಾಲ್‌ನಲ್ಲಿ ಹೊಗೆ. ಬೆಂಕಿ ಇರಲಿಲ್ಲ, ಸುಟ್ಟ ರಬ್ಬರಿನ ಹೊಗೆ. ಕೂಗಿದೆ. "ಇಲ್ಲಿದೀನಪ್ಪ" ಎಂದಳು, ಕೆಮ್ಮುತ್ತಾ. ಎಷ್ಟು ತಡಕಿದರೂ ಕೀಲಿಗೆ ತೂತು ಸಿಗಲಿಲ್ಲ. ಮೂವತ್ತೊಂದು ವರ್ಷ ಲಿಫ್ಟಿನ ಕತ್ತಲ ಹೊಂಡಗಳಲ್ಲಿ ನಟ್ಟು ಬಿಚ್ಚಿದ ಕೈ ಇದು.

ಕೊನೆಗೂ ಬಾಗಿಲು ತೆರೆದಾಗ, ದಿವಾನರ ಮೂತಿಗೆ ತನ್ನ ದುಪಟ್ಟಾ ಸುತ್ತಿ, ನೆಲಕ್ಕೆ ಕುಳಿತಿದ್ದಳು. ಬಾಗಿಲಿಗೆ ಒಂದು ಕೈ ಒತ್ತಿಕೊಂಡು.

"ಬಡೀಬಾರದಿತ್ತಾ? ಕೂಗಬಾರದಿತ್ತಾ? ಬೀದಿಯವರಿಗೆ ಕೇಳಿಸ್ತಿತ್ತಲ್ಲ!"

"ಈಗ ತೆರ್ಕೊಳ್ಳುತ್ತೆ, ಈಗ ತೆರ್ಕೊಳ್ಳುತ್ತೆ ಅಂತ ಕಾದೆ."

ಹನ್ನೊಂದು ನಿಮಿಷ. ಕ್ಯಾಮೆರಾಗಳು ಬಂದ್ ಆದ ಹೊತ್ತು ನನ್ನ ಫೋನಿನಲ್ಲಿ ಬಂದಿದೆ, 11.20. ನಾನು ಬಂದದ್ದು 11.31. ಅಷ್ಟು ಹೊತ್ತೂ ಅವಳು ನನ್ನ ಮಾತಿಗೆ ಕೈಯೊತ್ತಿಕೊಂಡು ಕುಳಿತಿದ್ದಳು.

ಮಾರ್ಚ್ 27, ಬೆಳಗ್ಗೆ 10

ಡಾಕ್ಟರು ಎದೆ ನೋಡಿ ಏನೂ ಆಗಿಲ್ಲ ಅಂದರು. ದಿವಾನರೂ ಗಟ್ಟಿ, ಬೆಳಗ್ಗೆ ಎರಡು ಬಟ್ಟಲು ಖಾಲಿ.

ಮಗಳು ಬೀಗದ ಕಂಪನಿಗೆ ಫೋನ್ ಹಚ್ಚಿದಳು. ನಾನು ಏಣಿಯ ಮೇಲಿದ್ದೆ.

"ಫಿಟ್ಟಿಂಗ್ ತಪ್ಪಾ? ರೀ, ಫಿಟ್ ಮಾಡಿದ್ದು ನಮ್ಮಪ್ಪ. ಅವರು ಮೂವತ್ತೊಂದು ವರ್ಷದಲ್ಲಿ ಒಂದು ಸ್ಕ್ರೂ ತಪ್ಪು ಹಾಕಿದವರಲ್ಲ. ನಿಮ್ಮ ಮಾಲೇ ಸರಿಯಿಲ್ಲ. ನಾಳೆ ಮಧ್ಯಾಹ್ನ ಬಂದು ನೋಡಿ."

ಏಣಿಯಿಂದ ಇಳಿಯಲಾಗಲಿಲ್ಲ. ಸುಮ್ಮನೆ ಒಂದು ವೈರು ಹಿಡಿದುಕೊಂಡು ನಿಂತಿದ್ದೆ.

ಅದೇ ದಿನ, ಸಂಜೆ 5

ಇಬ್ಬರೂ ಮನೆಗೆ ಹೋದರು. ನಾನೊಬ್ಬನೇ. ಹತ್ತು ಸ್ಕ್ರೂ, ಹದಿನೈದು ನಿಮಿಷದ ಕೆಲಸ. ತಿರುಗಿಸಿಬಿಟ್ಟರೆ ಕಂಪನಿಯವನು ನಾಳೆ ತಲೆ ಕೆರೆದುಕೊಂಡು ಹೋಗುತ್ತಾನೆ. ಫೈರ್ ಆಫೀಸಿನವರು ಮೊಹರು ಒತ್ತುತ್ತಾರೆ. ಅವಳ ಸಹಿ ಉಳಿಯುತ್ತದೆ. ಅವಳ ಕಣ್ಣಲ್ಲಿ ನಾನೂ ಉಳಿಯುತ್ತೇನೆ.

ಒಂಬತ್ತನ್ನು ತಿರುಗಿಸಿದೆ. ಆರನೆಯದರ ಮುಚ್ಚಳ ತೆಗೆದೆ, ಮತ್ತೆ ಹಾಕಿದೆ. ಅದರ ಮುಂದೆ ತುಂಬ ಹೊತ್ತು ಕುಳಿತಿದ್ದೆ. ನಾಚಿಕೆಯಾಯಿತು. ಭಯವೂ ಆಯಿತು.

ಮಾರ್ಚ್ 28, ಬೆಳಗ್ಗೆ 9.30

ಹೇಳಿದೆ.

ಆರನೇ ಕೋಣೆಯ ಮುಂದೆ ಕರೆದು, ಮುಚ್ಚಳ ಬಿಚ್ಚಿ ತೋರಿಸಿದೆ. "ಕಂಪನಿಯವನನ್ನ ಬರಬೇಡ ಅನ್ನು. ಇದು ನಾನು ಮಾಡಿದ್ದು. ಟೆಸ್ಟೂ ಮಾಡಿರಲಿಲ್ಲ." ಉಳಿದ ಒಂಬತ್ತನ್ನು ನಿನ್ನೆ ತಿರುಗಿಸಿದ್ದನ್ನೂ ಹೇಳಿದೆ.

ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಕೂಗಾಡಿದ್ದರೆ ಚೆನ್ನಾಗಿತ್ತು. ಸ್ಕ್ರೂಡ್ರೈವರ್ ಇಸಕೊಂಡು ತಾನೇ ಎಡಕ್ಕೆ ತಿರುಗಿಸಿದಳು. ಮೇನ್ ಆಫ್ ಮಾಡಿದಳು. ಹತ್ತೂ ಬಾಗಿಲು ಟಕ್ ಟಕ್ ಎಂದು ಬಿಟ್ಟುಕೊಂಡವು. ದಿವಾನರು ಹೊರಗೆ ಬಂದು, ಹಾಲ್‌ನಲ್ಲಿ ಒಂದು ಸುತ್ತು ಹಾಕಿ, ಅವಳ ಕಾಲಬುಡದಲ್ಲಿ ಮಲಗಿದರು. ಗೇಟಿನ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ಕೇಳಿದಳು, ಮೆಲ್ಲಗೆ. "ಅಪ್ಪ, 'ನೀನು ಹೇಳಿದ ಹಾಗೇ' ಅಂದುಬಿಟ್ಟು ನಿನಗೆ ಬೇಕಾದ ಹಾಗೆ ಮಾಡಿದ್ದು ಇನ್ನೇನೇನಿದೆ?"

"ಏನೂ ಇಲ್ಲಮ್ಮ" ಎನ್ನಲು ಬಾಯಿ ತೆರೆದೆ.

"ಈಗಲೇ ಹೇಳಬೇಡ. ಯೋಚನೆ ಮಾಡಿ ಬರೆದುಕೊಡು. ಅದನ್ನ ಓದಿದ ಮೇಲೆ ನಾನು ಇಲ್ಲಿರೋದೋ ಬೇಡವೋ ಹೇಳ್ತೀನಿ."

ಮಾರ್ಚ್ 28, ಮಧ್ಯಾಹ್ನ 2

ಬರೆಯುತ್ತಿದ್ದೇನೆ. ಮೊದಲು ಇಲ್ಲಿ. ಆಮೇಲೆ ಬೇರೆ ಹಾಳೆಗೆ ಇಳಿಸಿಕೊಡುತ್ತೇನೆ.

ಒಂದು. ಸೈಕಲ್ಲು. ಅವಳಿಗಾಗ ಹನ್ನೊಂದು. ಜೋರಾಗಿ ಹೋಗಬಾರದೆಂದು ಹಿಂದಿನ ಬ್ರೇಕನ್ನು ಚಕ್ರಕ್ಕೆ ತುಸು ತಾಗುವಂತೆ ಬಿಗಿದಿಟ್ಟಿದ್ದೆ. ಎರಡು ವರ್ಷ ಹಾಗೇ ಇತ್ತು. ಗೆಳತಿಯರೆಲ್ಲ ಮುಂದೆ ಹೋಗುತ್ತಿದ್ದರು. ತನ್ನ ಕಾಲಲ್ಲೇ ಶಕ್ತಿಯಿಲ್ಲ ಎಂದು ಅಳುತ್ತಿದ್ದಳು. ನಾನೇ ಸಮಾಧಾನ ಮಾಡುತ್ತಿದ್ದೆ.

ಎರಡು. ದೂರದ ಕಾಲೇಜಿನಿಂದ ಅವಳ ಹೆಸರಿಗೆ ಬಂದ ಸೀಟಿನ ಕಾಗದ. ಬಾಗಿಲಲ್ಲಿ ಇಸಕೊಂಡವನು ನಾನು. ಅವಳು ಸ್ನಾನಕ್ಕೆ ಹೋಗಿದ್ದಳು. ಅದನ್ನು ನಾನು—