ಹಲಗೆಗಳ ನಡುವೆ ಎರಡು ಬೆರಳು

ಅಕ್ಟೋಬರ್ ೧೪, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಮೂರು ಕಾಗದಗಳಿಗೂ ಸೇರಿಸಿ ಈ ಒಂದೇ ಉತ್ತರ. ಎಷ್ಟು ಬೇಕಾದರೂ ಬೈದುಕೋ. ಮುದ್ರಣಾಲಯದಲ್ಲಿ ಹಗಲಿಡೀ ಬೇರೆಯವರ ತಪ್ಪು ತಿದ್ದಿ ರೂಮಿಗೆ ಬಂದರೆ ಸ್ವಂತ ಮಾತೇ ಹೊರಡುವುದಿಲ್ಲ. ನೀನು, ಭಾವ, ಕೂಸು ಕ್ಷೇಮವೆಂದು ನಂಬಿದ್ದೇನೆ.

‘ಅಪ್ಪನ್ನ ನೋಡೋಕೆ ಯಾವಾಗ ಹೋಗ್ತೀಯ?’ ಎಂದು ಮೂರರಲ್ಲೂ ಕೇಳಿದ್ದೀಯ. ಇವತ್ತು ಊರಿಗೆ ಹೋಗಿದ್ದೆ. ಬಸ್ಸಿಳಿದವನು ಮನೆಯ ಕಡೆ ತಿರುಗಲಿಲ್ಲ, ಜೌಗಿನ ಕಡೆ ತಿರುಗಿದೆ.

ಅದನ್ನು ನೀನು ಈಗ ಗುರುತು ಹಿಡಿಯಲಾರೆ. ಅಪ್ಪ ಮೂವತ್ತು ವರ್ಷ ಒಲೆಯ ಉರುವಲಿಗೆಂದು, ಒಣಗಿದರೆ ಸೌದೆಯಂತೆ ಉರಿಯುವ ಆ ಕಪ್ಪು ಮಣ್ಣು ಕೊಯ್ದು ಒಣಹಾಕುತ್ತಿದ್ದ ಜಾಗದಲ್ಲಿ ನೀರು ನಿಂತು ಪಾಚಿ ಹಬ್ಬಿದೆ. ಈ ಕೊಯ್ಲು ನಿಲ್ಲಿಸಿ ಎಂದು ನಾನೂ ಗೆಳೆಯರೂ ಕರಪತ್ರ ಹಂಚುವಾಗ ನಮ್ಮನ್ನು ನೋಡಿ ನಕ್ಕವರೇ ಈಗ ಮಕ್ಕಳನ್ನು ಕರೆತಂದು ಹುಳ ಹಿಡಿಯುವ ಗಿಡ ತೋರಿಸುತ್ತಾರೆ. ಬೆರಳಗಲ ಮಣ್ಣು ಕೂಡಲು ಇಪ್ಪತ್ತು ವರ್ಷ ಬೇಕು. ಅದನ್ನು ಒಂದು ಚಳಿಗಾಲದಲ್ಲಿ ಉರಿಸಿಬಿಡುವ ಹಕ್ಕು ಯಾರಿಗೂ ಇಲ್ಲ. ಈ ಮಾತಿನಿಂದ ನಾನು ಇಂದಿಗೂ ಹಿಂದೆ ಸರಿಯುವವನಲ್ಲ. ಕೊಯ್ಲು ನಿಂತಿತು, ನಾವು ಗೆದ್ದೆವು. ಗೆದ್ದ ಜಾಗ ನೋಡೋಣ ಬನ್ನಿ ಎಂದು ಗೆಳೆಯರನ್ನು ಕರೆದರೆ ಒಬ್ಬನಿಗೆ ಹೆಣ್ಣು ನೋಡುವುದಿತ್ತು, ಇನ್ನೊಬ್ಬನಿಗೆ ಬೇರೆ ಹೋರಾಟ. ಒಬ್ಬನೇ ನಡೆದೆ.

ಜೌಗಿನ ಬಾಗಿಲಲ್ಲಿ ಕಾವಲಿಗಿದ್ದವರು ಮೀಸೆ ಮಾವ, ಅಪ್ಪನ ಜೊತೆ ಮಣ್ಣು ಕೊಯ್ಯುತ್ತಿದ್ದವರು. ಸಮವಸ್ತ್ರ ಬಂದ ಮೇಲೆ ಮೀಸೆ ಹೋಗಿದೆ, ಹೆಸರು ಉಳಿದಿದೆ. ‘ಏನಪ್ಪಾ ಲೀಡರ್, ದಾರಿ ತಪ್ಪಿ ಬಂದ್ಯಾ?’ ಎಂದರು.

‘ನೀರಿನ ಮೇಲೆ ಹಲಗೆ ದಾರಿ ಚೆನ್ನಾಗಿ ಮಾಡಿದ್ದಾರೆ ಮಾವ.’

‘ಮಾಡಿದ್ದಾರೆ ಅಂತೆ. ನಿಮ್ಮಪ್ಪ ಕಣೋ ಮಾಡಿದ್ದು. ಒಂದೊಂದು ಹಲಗೆನೂ ಅವನೇ ಹೊಡೆದದ್ದು.’

ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತೇ? ಹಲಗೆಗಳ ನಡುವೆ ಎರಡೆರಡು ಬೆರಳು ಸಂದು ಬಿಟ್ಟಿದ್ದಾನೆ. ಕೆಲಸ ಮಾಡಿಸುತ್ತಿದ್ದ ಸಾಹೇಬರು ಒತ್ತಾಗಿ ಕೂರಿಸು ಎಂದರಂತೆ. ಅಪ್ಪ, ‘ಕೆಳಗಡೆನೂ ಜೀವ ಇದೆಯಲ್ಲ ಸಾರ್, ಅದಕ್ಕೆ ಬೆಳಕು ಬೇಡ್ವಾ?’ ಎಂದು ತನ್ನ ಪಾಡಿಗೆ ಮೊಳೆ ಹೊಡೆದನಂತೆ. ಕೊನೆಯ ತನಕ ಆ ಸಂದುಗಳನ್ನೇ ನೋಡುತ್ತ ನಡೆದೆ. ಒಳಗೆ ಪಾಚಿ ಹಸಿರಾಗಿತ್ತು.

ಮನೆಗೆ ಯಾಕೆ ಹೋಗಲಿಲ್ಲ ಎಂದು ಕೇಳುತ್ತೀಯ. ನನ್ನಿಂದಾಗಿ ಕೆಲಸ ಹೋದ ಸಿಟ್ಟು ಅಪ್ಪನಿಗೆ ಇನ್ನೂ ಇಳಿದಿಲ್ಲ ಎಂದುಕೊಂಡೇ ಎರಡು ವರ್ಷ ದೂರ ಉಳಿದೆ. ಇವತ್ತೂ ಅದೇ ಕಾರಣ ಎಂದಿಟ್ಟುಕೋ. ಬಸ್ಸಿಗೂ ಹೊತ್ತಾಗಿತ್ತು.

ಭಾವನಿಗೆ ನಮಸ್ಕಾರ. ಕೂಸಿಗೆ ಈ ಸೋದರಮಾವನ ಆಶೀರ್ವಾದ: ಬಾಯಿ ಗಟ್ಟಿಯಾಗಲಿ, ಕಿವಿ ಅದಕ್ಕಿಂತ ಚುರುಕಾಗಲಿ.

ನಿನ್ನ ತಮ್ಮ

ತಾ.ಕ.: ಮೇಲೆ ಬರೆದ ಕಾರಣ ಸುಳ್ಳು. ಹಾದಿಯ ಮೊದಲಲ್ಲಿ ಒಂದು ಫಲಕವಿದೆ: ‘ಈ ನೆಲವನ್ನು ಕೊಯ್ದವರು ಇದನ್ನೆಂದೂ ಅರಿತವರಲ್ಲ.’ ನಮ್ಮ ಕರಪತ್ರದ ಸಾಲು. ಸಹಿ ಇಲ್ಲ, ಆದರೆ ಬರೆದವನು ನಾನು. ಆ ಫಲಕವನ್ನೂ ಹೊಡೆದು ನಿಲ್ಲಿಸಿದವನು ಅಪ್ಪನೇ; ಆ ದಿನ ಇದರಲ್ಲಿ ಏನು ಬರೆದಿದೆ ಎಂದು, ಓದು ಬಾರದವನು, ಕೇಳಿದನಂತೆ, ಮೀಸೆ ಮಾವ ಓದಿ ಹೇಳಿದರಂತೆ. ‘ಇದು ನಮ್ಮ ಹುಡುಗಂದು’ ಎಂದನಂತೆ. ಹೆಸರೇ ಇಲ್ವಲ್ಲೋ ಎಂದರೆ, ‘ಊಟಕ್ಕೆ ಕೂತಾಗ ಹೀಗೇ ಮಾತಾಡ್ತಾನೆ’ ಎಂದನಂತೆ. ಆಮೇಲೆ ದೂರ ನಿಂತು ನೋಡಿ, ಸ್ವಲ್ಪ ಓರೆಯಾಗಿದೆ ಎಂದು ಬಿಚ್ಚಿ, ನೇರ ಮಾಡಿ ಮತ್ತೆ ಹೊಡೆದನಂತೆ.

ಬರುವಾಗ ಅದನ್ನು ಕೀಳಲು ನೋಡಿದೆ ಅಕ್ಕಾ. ಉಗುರು ಮುರಿಯಿತು. ಅಪ್ಪ ಹೊಡೆದ ಮೊಳೆ, ಅಲುಗಲಿಲ್ಲ.