ಒಬ್ಬಳೇ ಮಗಳು

ಅಪ್ಪನ ಕೋಣೆ,
ಮಾರ್ಚ್ ೬, ಗುರುವಾರ

ಪ್ರೀತಿಯ ಚಿನಕುರುಳಿಗೆ,

ಬರೀ ಕುಶಲ ವಿಚಾರಿಸಿ ಮುಗಿಸಿಬಿಡೋಣ ಎಂದುಕೊಂಡಿದ್ದೆ. ಹಾಗೆ ಬರೆದ ಎರಡು ಕಾಗದಗಳು ಓದಲು ಚೆನ್ನಾಗಿಯೇ ಇದ್ದವು. ಅದಕ್ಕೇ ಹರಿದು ಹಾಕಿದೆ. ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲಿಲ್ಲದ ಮನೆಗೆ ಬಂದಿದ್ದೀರಿ ಎಂದು ಮಾವ ಹೇಳಿದರು, ಒಳ್ಳೆಯದಾಯಿತು. ನಿನ್ನ ಮಗಳಿಗೆ ಹಾಲುಹಲ್ಲು ಬೀಳತೊಡಗಿವೆಯಂತೆ. ಹಲ್ಲುಸೆಟ್ಟು ಮಾಡಿ ಹೊಟ್ಟೆ ಹೊರೆಯುವ ದೊಡ್ಡಮ್ಮ ಇರುವಾಗ ಹೆದರಬೇಡ ಎನ್ನು. ನಾನು ಆರೋಗ್ಯವಾಗಿದ್ದೇನೆ. ಲ್ಯಾಬಿನ ಮೇಣದ ವಾಸನೆ ಎಷ್ಟು ತೊಳೆದರೂ ಕೂದಲಿನಿಂದ ಹೋಗುವುದಿಲ್ಲ, ಅಷ್ಟೇ. "ದೊರೆಸಾನಿಯವರ ಕೈಯ ಹಲ್ಲು, ಜೋಪಾನವಾಗಿ ಅಗೀರಿ" ಎಂದು ಲ್ಯಾಬಿನ ಮಾಲೀಕರು ಗಿರಾಕಿಗಳ ಎದುರು ನನ್ನ ಕಾಲೆಳೆಯುತ್ತಾರೆ.

ಅಪ್ಪ ಹೋಗಿ ನಾಲ್ಕು ತಿಂಗಳಾಯಿತು. ಬಂದವರಿಗೆಲ್ಲ "ಗಂಡುಮಕ್ಕಳಿಲ್ಲ ನೋಡಿ, ದೊರೆ ಅನ್ನೋ ಬಿರುದು ನನ್ನ ಜೊತೆಗೇ ಮುಗೀತು" ಎನ್ನುತ್ತಿದ್ದರಲ್ಲ, ಆಗೆಲ್ಲ ನಾನು ಪಕ್ಕದಲ್ಲೇ ಅವರ ತೋಳಿನ ಗುಂಡಿ ಹಾಕುತ್ತ ನಿಂತಿರುತ್ತಿದ್ದೆ. ಜಮೀನು ತಾತನ ಕಾಲಕ್ಕೇ ಹೋಯಿತು. ಉಳಿದಿರುವುದು ಹೆಸರಿನ ಮುಂದಿನ ಎರಡಕ್ಷರ. ಅದು ನನಗೇಕೆ ಬೇಕು ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಆ ಕೋಣೆಯಲ್ಲಿ ನಾನೂ ಒಬ್ಬಳು ಇದ್ದೆ ಎಂದು ಯಾರಾದರೂ ಒಪ್ಪಲಿ ಎನ್ನುವುದಷ್ಟೇ ಕಾರಣವಿರಬಹುದು.

ಹೋದ ತಿಂಗಳು ಮಾವ ಬಂದು, "ಮುಗೀಲಿಲ್ಲ ಕಣೇ, ಹೆಣ್ಣುಮಕ್ಕಳಿಗೂ ಬರುತ್ತೆ. ಸುಮ್ನೆ ಕೂತ್ರೆ ಯಾರು ತಂದುಕೊಡ್ತಾರೆ?" ಎಂದು ಬಿರುದುಗಳ ಕಚೇರಿಗೆ ಅಟ್ಟಿದರು. ಅಲ್ಲಿನ ಗುಮಾಸ್ತರು ಕನ್ನಡಕ ಹಣೆಗೇರಿಸಿ ಹೇಳಿದ್ದು ಇಷ್ಟು: "ಒಬ್ಬಳೇ ಮಗಳಾದ್ರೆ ನೇರ ಬರುತ್ತಮ್ಮ. ಇಬ್ರಿದ್ರೆ ಇಬ್ರಿಗೂ ಸಮ ಹಕ್ಕು. ಆದ್ರೆ ಬಿರುದನ್ನ ಬಿಸ್ಕತ್ತಿನ ಹಾಗೆ ಮುರಿಯೋಕಾಗುತ್ತಾ? ಒಬ್ರು ಬಿಟ್ಟುಕೊಟ್ಟು ಬರೆದುಕೊಡೋವರೆಗೂ ಯಾರಿಗೂ ಇಲ್ಲ." ಅವರಿಗೆ ಸಾಕ್ಷಿ ಬೇರೇನೂ ಬೇಡ, ಮನೆತನದ ಪುಸ್ತಕ ಸಾಕು. ಹುಟ್ಟಿದ ಮಕ್ಕಳ ಹೆಸರನ್ನು ದೊರೆಯೇ ಸ್ವಂತ ಕೈಯಲ್ಲಿ ಬರೆದಿಡುವ ಪುಸ್ತಕ. ಅಪ್ಪನ ಪುಟದಲ್ಲಿ ನನ್ನ ಹೆಸರು, ಅದರ ಕೆಳಗೆ ಅಂಟಿಸಿದ ಬಿಳಿ ಚೀಟಿ. ಚೀಟಿಯ ಅಡಿಯಲ್ಲಿ ನೀನು.

ಗುಮಾಸ್ತರು ಅದರ ಮೇಲೆ ಬೆರಳಿಟ್ಟು "ಇದೇನಮ್ಮ?" ಎಂದರು. ಬರೆಯುವಾಗ ತಪ್ಪಾಗಿತ್ತಂತೆ, ಅಪ್ಪ ಮುಚ್ಚಿದ್ದಾರೆ ಎಂದೆ. ಫಾರಂನಲ್ಲಿ ಹೆಣ್ಣುಮಕ್ಕಳು ಎಂಬಲ್ಲಿ "ಒಬ್ಬಳು" ಎಂದು ಬರೆದು ಸಹಿ ಹಾಕಿದೆ. ನಿನ್ನನ್ನು ಕೇಳಬಹುದಿತ್ತು. ನೀನು ಕೊಡುವುದಿಲ್ಲ ಎನ್ನುವೆ ಎಂಬ ಭಯವಿರಲಿಲ್ಲ. ಹನ್ನೊಂದು ವರ್ಷದ ಮೇಲೆ ಬರೆಯುವ ಮೊದಲ ಕಾಗದ ಇದಕ್ಕಾಗಿ ಆಗಬಾರದು ಅನ್ನಿಸಿತ್ತು.

ನಿನ್ನ ಯಜಮಾನರಿಗೆ ನಮಸ್ಕಾರ ತಿಳಿಸು, ಮಗಳಿಗೆ ಮುತ್ತು. ಮೂವರೂ ತಣ್ಣಗಿರಿ. ಬೈಯಬೇಕೆನ್ನಿಸಿದರೆ ಬೈದೇ ಬರೆ.

ನಿನ್ನ ಅಕ್ಕ

ತಾ.ಕ. ಚೀಟಿ ಅಂಟಿಸಿದ್ದು ಅಪ್ಪ ಎಂದು ಮಾವ ನಿನಗೆ ಹೇಳಿದ್ದರು, ಅದಕ್ಕೇ ನೀನು ಮತ್ತೆ ಬರಲಿಲ್ಲ. ಅಂಟಿಸಿದ್ದು ನಾನು. ನೀನು ಮೆಚ್ಚಿದವನ ಜೊತೆ ಹೊರಟುಹೋದ ದಿನ ಅಪ್ಪ "ಪುಸ್ತಕ ಒಳಗಿಡು" ಎಂದಷ್ಟೇ ಅಂದರು. ಅವರನ್ನು ನನ್ನೊಬ್ಬಳ ತಲೆಗೆ ಕಟ್ಟಿ ಹೋದೆಯಲ್ಲ ಎಂಬ ಸಿಟ್ಟಿನಲ್ಲಿ ಕತ್ತರಿ, ಗೋಂದು ತಂದೆ. ಆಮೇಲೆ ಅಪ್ಪ ನೋಡಿದರು, ಪುಸ್ತಕ ಮುಚ್ಚಿಟ್ಟರು. ಬೈದಿದ್ದರೆ ಆಗಲೇ ಕಿತ್ತುಬಿಡುತ್ತಿದ್ದೆನೇನೋ. ನನ್ನ ಅರ್ಜಿಗೆ ಆಕ್ಷೇಪಣೆಯಿದ್ದರೆ ಈ ತಿಂಗಳ ಇಪ್ಪತ್ತೆರಡರೊಳಗೆ ಕಚೇರಿ ಸೇರಬೇಕು, ವಿಳಾಸ ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ. "ನಾನೂ ಮಗಳು" ಎಂದು ನೀನು ಒಂದು ಸಾಲು ಬರೆದರೆ ಸಾಕು, ನನ್ನ ಅರ್ಜಿ ಬಿದ್ದುಹೋಗುತ್ತದೆ. ನಾನೇ ಹೋಗಿ ಹೇಳಬಾರದೇ ಎಂದರೆ, ಸದ್ಯಕ್ಕೆ ಬಂದಿರುವ ಧೈರ್ಯ ಇಷ್ಟೇ. ಅಂಚೆ ನಿನ್ನೂರಿಗೆ ಐದು ದಿನ ತೆಗೆದುಕೊಳ್ಳುತ್ತದೆ. ಕೆಲಸಕ್ಕೆ ಹೋಗುವ ಮೊದಲು ಡಬ್ಬಕ್ಕೆ ಹಾಕುತ್ತೇನೆ, ನಾಳೆಯೇ, ಮಾರ್ಚ್ ೭.